ಕೊಡಕ್ಕೊಂದು ನೆಗ್ಗು

ನಾನು ಓದಿದ್ದು ಬಿ.ಕಾಂ., ಮಾಡುತ್ತಿರುವುದು ಬ್ಯಾಂಕ್ ಕೆಲಸ. ಚಿತ್ರಕಲೆಗೂ ನನಗೂ ಇದ್ದ ಸಂಬಂಧ ಅಂದರೆ ಪ್ರೈಮರಿ ಸ್ಕೂಲಿನಲ್ಲಿ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ, ಪಕ್ಕದಲ್ಲೊಂದು ತೆಂಗಿನಮರ ಬರೆದದ್ದು, ಅಷ್ಟೆ. ಅಂಥವನು ಐವತ್ತೇಳನೇ ವಯಸ್ಸಿನಲ್ಲಿ, ಚೆನ್ನೈನ ಅಡ್ಯಾರಿನ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಕೂತು, ಕಂಪ್ಯೂಟರಿನಲ್ಲಿ ಒಂದು ಹಿತ್ತಾಳೆ ಕೊಡ ಬರೆಯೋಕೆ ನಾಲ್ಕು ಭಾನುವಾರ ತೆಗೆದುಕೊಂಡ ಕಥೆ ಇದು. ಕೊಡ ಬರೆಯೋದೇನು ಮಹಾ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲು ಕೊಡದ ವಿಷಯ ಹೇಳಿಬಿಡುತ್ತೇನೆ. ನಮ್ಮೂರು ತಿಪಟೂರಿನ ಹತ್ತಿರದ ಒಂದು ಹಳ್ಳಿ. ಒಂದಷ್ಟು ತೆಂಗಿನಮರ, ಒಂದಿಷ್ಟು ರಾಗಿ ಹೊಲ. ಆ ಕೊಡ ಅಮ್ಮನಿಗೆ ಮದುವೆಯಲ್ಲಿ ತವರಿನಿಂದ ಬಂದದ್ದು. 1986ರಲ್ಲಿ ನನ್ನ ಪಿಯುಸಿ ಮುಗಿದು ತುಮಕೂರಿನಲ್ಲಿ ಬಿ.ಕಾಂ. ಸೇರುವಾಗ ಫೀಸಿಗೂ ಹಾಸ್ಟೆಲಿಗೂ ದುಡ್ಡು ಸಾಲಲಿಲ್ಲ. ಒಂದು ತಾಮ್ರದ ಹಂಡೆಯ ಜೊತೆ ಆ ಕೊಡವೂ ತಿಪಟೂರಿನ ಪಾತ್ರೆ ಅಂಗಡಿಗೆ ಹೋಯಿತು. ಮನೆಯಲ್ಲಿ ಯಾರೂ ಅದನ್ನು ದೊಡ್ಡ ವಿಷಯ ಮಾಡಲಿಲ್ಲ. ಪಾತ್ರೆ ಮಾರಿ ಮಕ್ಕಳನ್ನು ಓದಿಸಿದ ಮನೆಗಳು ಆ ಕಾಲಕ್ಕೆ ಎಷ್ಟಿರಲಿಲ್ಲ ಹೇಳಿ?

1990ರಲ್ಲಿ ಬ್ಯಾಂಕಿಗೆ ಕ್ಲರ್ಕ್ ಆಗಿ ಸೇರಿದೆ. 1997ರಲ್ಲಿ ಪ್ರಮೋಷನ್ ಕೊಟ್ಟು ಚೆನ್ನೈಗೆ ಹಾಕಿದರು. ಮೂರು ವರ್ಷ ಕಳೆದು ಊರ ಕಡೆ ವರ್ಗ ಮಾಡಿಸಿಕೊಂಡರಾಯಿತು ಅಂತ ಬಂದವನು ಇಲ್ಲೇ ಉಳಿದೆ. ನಡುವೆ ಸೇಲಂ, ವೆಲ್ಲೂರು ಅಂತ ನನ್ನನ್ನು ಓಡಾಡಿಸಿದರೂ ಸಂಸಾರ ಮಾತ್ರ ಅಡ್ಯಾರು ಬಿಟ್ಟು ಕದಲಲಿಲ್ಲ. 2016ರಲ್ಲಿ ಅಪ್ಪ ಹೋದಮೇಲೆ ಅಮ್ಮನೂ ಇಲ್ಲಿಗೇ ಬಂದರು. ತಮಿಳು ಇವತ್ತಿಗೂ ಬರಲ್ಲ, ಆದರೂ ಎದುರು ಮನೆ ಪಾಟಿಯ ಜೊತೆ ದಿನಕ್ಕೊಂದು ಗಂಟೆ ಮಾತಾಡುತ್ತಾರೆ! ಹೇಗೆ ಅಂತ ಮಾತ್ರ ನನ್ನನ್ನು ಕೇಳಬೇಡಿ.

2019ರ ಬೇಸಿಗೆ ಚೆನ್ನೈನವರಿಗೆ ಮರೆಯುವಂಥದ್ದಲ್ಲ. ಊರಿಗೆ ನೀರು ಕೊಡುವ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ, ನಾಲ್ಕೂ ಬತ್ತಿಹೋಗಿದ್ದವು. ನಮ್ಮ ಬೀದಿಗೆ ಟ್ಯಾಂಕರ್ ಬರುವ ಹೊತ್ತಿಗೆ ಹಸಿರು, ನೀಲಿ, ಕಿತ್ತಳೆ ಪ್ಲಾಸ್ಟಿಕ್ ಕೊಡಗಳು ಸಾಲಾಗಿ ಕೂತಿರುತ್ತಿದ್ದವು. ಅಮ್ಮ ಬಾಲ್ಕನಿಯಲ್ಲಿ ನಿಂತು ಅವನ್ನೇ ನೋಡುತ್ತಾ ಒಂದು ದಿನ ಅಂದರು, "ಬಣ್ಣ ಚೆನ್ನಾಗಿವೆ ಕಣೋ. ನಮ್ಮ ಹಿತ್ತಾಳೆ ಕೊಡ ಸೊಂಟದ ಮೇಲೆ ಕೂತ ಹಾಗೆ ಇವು ಕೂರಲ್ಲ ನೋಡು." ಮೂವತ್ತಮೂರು ವರ್ಷದ ಮೇಲೆ ಆ ಕೊಡದ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ನನ್ನ ತಲೆಯಲ್ಲಿ ಅದು ಉಳಿದುಬಿಟ್ಟಿತು.

ಮಾರನೇ ವರ್ಷ ಲಾಕ್‌ಡೌನ್. ನಾವು ಬ್ಯಾಂಕಿನವರು ಸರದಿಯ ಮೇಲೆ ಹೋಗುತ್ತಿದ್ದೆವು, ದಿನ ಬಿಟ್ಟು ದಿನ ಮನೆಯಲ್ಲೇ. ಮಗಳು ಹಳೇ ಮಹಾಬಲಿಪುರಂ ರಸ್ತೆಯ ಒಂದು ಕಂಪನಿಯಲ್ಲಿ ಡಿಸೈನರ್. ಅವಳ ಆಫೀಸು ನಮ್ಮ ಊಟದ ಟೇಬಲ್ಲಿಗೆ ಬಂದು ಕೂತಿತು. ಅವಳು ಒಂದು ಬಿಳಿ ಹಾಳೆಯ ಮೇಲೆ ನಾಲ್ಕು ಗೆರೆ ಎಳೆದು, ಬಣ್ಣ ತುಂಬಿ, ಕೈಯಲ್ಲಿ ಎತ್ತಿಕೊಳ್ಳಬೇಕು ಅನ್ನಿಸುವಂಥ ಒಂದು ಕಾಫಿ ಲೋಟ ಮಾಡಿದ್ದನ್ನು ನೋಡಿ ನಾನು ಬೆರಗಾದೆ. "ಅಪ್ಪಾ, ಷೇರು ಮಾರ್ಕೆಟ್ ವಿಡಿಯೋ ನೋಡೋದು ಬಿಟ್ಟು ಇದನ್ನ ಕಲಿ" ಅಂದಳು. ಅವಳದ್ದು ಅಡೋಬಿ ಇಲ್ಲಸ್ಟ್ರೇಟರ್, ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು. ಮನೆ ಬಾಡಿಗೆ ಕೇಳಿದ್ದೇನೆ, ಪೆನ್ಸಿಲ್ಲಿಗೂ ಬಾಡಿಗೆಯಾ? ಅದಕ್ಕೆ ಅವಳೇ ನನಗೆ ಇಂಕ್‌ಸ್ಕೇಪ್ ಹಾಕಿಕೊಟ್ಟಳು. 2003ರಲ್ಲಿ ಶುರುವಾದ ಮುಕ್ತ ತಂತ್ರಾಂಶ, ಪೂರ್ತಿ ಉಚಿತ. ಅದರ 1.0 ಆವೃತ್ತಿ ಬಂದದ್ದೂ 2020ರ ಮೇ ತಿಂಗಳಿನಲ್ಲೇ. ಅಂದರೆ ಹದಿನೇಳು ವರ್ಷ ಪ್ರೊಬೇಷನ್ನಿನಲ್ಲಿತ್ತು ಅನ್ನಿ!

ಇಂಥ ತಂತ್ರಾಂಶಕ್ಕೆ ವೆಕ್ಟರ್ ಗ್ರಾಫಿಕ್ಸ್ ಅಂತಾರೆ. ನನಗೆ ಅರ್ಥವಾದ ರೀತಿಯಲ್ಲಿ ಹೇಳುತ್ತೇನೆ. ಮೊಬೈಲಿನ ಫೋಟೋ ಅಂದರೆ ಚುಕ್ಕೆ ಚುಕ್ಕೆಗೂ ಒಂದೊಂದು ಎಂಟ್ರಿ ಹಾಕಿದ ಲೆಡ್ಜರ್ ಇದ್ದ ಹಾಗೆ. ದೊಡ್ಡದು ಮಾಡುತ್ತಾ ಹೋದರೆ ಚೌಕ ಚೌಕವಾಗಿ ಒಡೆದುಕೊಳ್ಳುತ್ತೆ. ವೆಕ್ಟರ್ ಚಿತ್ರ ಹಾಗಲ್ಲ, ಅದು ಸಾಲದ ಕಂತಿನ ಸೂತ್ರ ಇದ್ದ ಹಾಗೆ. ಅಸಲು, ಬಡ್ಡಿ, ಅವಧಿ ಮೂರು ಇಟ್ಟುಕೊಂಡರೆ ಯಾವ ತಿಂಗಳ ಲೆಕ್ಕ ಬೇಕಾದರೂ ತೆಗೆಯಬಹುದಲ್ಲ? ಇಲ್ಲೂ ಕೆಲವು ಬಿಂದು, ಅವುಗಳ ನಡುವಿನ ಗೆರೆ ಎತ್ತ ಬಾಗಬೇಕು ಅನ್ನುವ ಲೆಕ್ಕ, ಇಷ್ಟೇ ಕಡತದಲ್ಲಿರುವುದು. ವಿಸಿಟಿಂಗ್ ಕಾರ್ಡಿಗೆ ಹಾಕಿ, ಮದುವೆ ಮಂಟಪದ ಬ್ಯಾನರಿಗೆ ಹಾಕಿ, ಅಂಚು ಒಡೆಯಲ್ಲ. ಬಾಗುವ ಗೆರೆಯ ಈ ಗಣಿತ ಹುಟ್ಟಿದ್ದು ಚಿತ್ರಗಾರರ ಮನೆಯಲ್ಲಲ್ಲ, ಫ್ರಾನ್ಸಿನ ಕಾರು ಕಂಪನಿಗಳಲ್ಲಿ. ಸಿಟ್ರೊಯೆನ್‌ನ ಪಾಲ್ ಡಿ ಕ್ಯಾಸ್ತೆಲ್ಜೋ, ರೆನೋದ ಪಿಯೇರ್ ಬೆಝಿಯೇ, ಇಬ್ಬರೂ 1960ರ ಆಸುಪಾಸಿನಲ್ಲಿ ಕಾರಿನ ಮೈಯ ಉಬ್ಬುತಗ್ಗುಗಳನ್ನು ಲೆಕ್ಕಕ್ಕೆ ಹಿಡಿಯೋಕೆ ಹೋಗಿ ಇದನ್ನು ಕಂಡುಕೊಂಡರು. ಹೆಸರು ಮಾತ್ರ ಬೆಝಿಯೇಗೆ ಹೋಯಿತು. ಈಗಲೂ ಬೆಝಿಯೇ ಗೆರೆ ಅಂತಲೇ ಕರೆಯೋದು.

ನಾನು ಬಿಂದುಗಳನ್ನಿಟ್ಟು ಗೆರೆ ಎಳೆಯೋದನ್ನು ಅಮ್ಮ ಹಿಂದಿನಿಂದ ನೋಡಿ, "ಇದೇನು, ಚುಕ್ಕಿ ರಂಗೋಲಿ ತಾನೆ?" ಅಂದುಬಿಟ್ಟರು. ನಕ್ಕುಬಿಟ್ಟೆ. ಆಮೇಲೆ ಗೊತ್ತಾಯಿತು, ಅಮ್ಮ ಹೇಳಿದ್ದರಲ್ಲಿ ತಮಾಷೆ ಏನೂ ಇಲ್ಲ. ಇದೇ ಚೆನ್ನೈನ ತಾಂಬರಂನಲ್ಲಿರುವ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಅವರ ಜೊತೆ ಕಮಲಾ ಕೃತಿವಾಸನ್, ಈ ಮೂವರು 1974ರಲ್ಲೇ ಕೋಲಂ ಎಳೆಯುವುದಕ್ಕೊಂದು ವ್ಯಾಕರಣ ಬರೆದು ಕಂಪ್ಯೂಟರ್ ಗ್ರಾಫಿಕ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಮಾರ್ಗಳಿ ತಿಂಗಳಲ್ಲಿ ಅಡ್ಯಾರಿನ ಬೀದಿಗಳಲ್ಲಿ ಬೆಳಗಿನ ಜಾವ ನಡೆದುಹೋದರೆ ಆ ವ್ಯಾಕರಣ ಮನೆ ಮನೆಯ ಮುಂದೆ ಕಾಣುತ್ತೆ. ಆದರೆ ರಂಗೋಲಿ ಚಪ್ಪಟೆ. ನನಗೆ ಬೇಕಾಗಿದ್ದದ್ದು ದುಂಡಗಿನ ಕೊಡ.

ಅದಕ್ಕೂ ಮೊದಲು ಒಂದೆರಡು ವರ್ಷ ಡಬ್ಬಿ, ಲೋಟ, ಚೆಂಡು, ಬ್ಯಾಂಕಿನ ಲಾಕರ್ ಅಂತ ಏನೇನೋ ಬರೆದೆ, ಕೆಡಿಸಿದೆ. ಕೊಡಕ್ಕೆ ಕೈ ಹಾಕಿದ್ದು ಹೋದ ವರ್ಷ, ಅಮ್ಮನಿಗೆ ಎರಡನೇ ಕಣ್ಣಿನ ಪೊರೆ ತೆಗೆಸಿದಾಗ. ಪಟ್ಟಿ ಬಿಚ್ಚಿದ ದಿನ ಅಡುಗೆಮನೆಗೆ ಹೋಗಿ ಸ್ಟೀಲ್ ಪಾತ್ರೆಗಳನ್ನೆಲ್ಲ ಮುಟ್ಟಿ ಮುಟ್ಟಿ "ಎಷ್ಟು ಹೊಳೀತಿವೆ" ಅಂದರು. ಇನ್ನು ತಡಮಾಡಬಾರದು ಅನ್ನಿಸಿತು.

ಮೊದಲ ಭಾನುವಾರದ ಕೊಡ ಚುನಾವಣಾ ಚಿಹ್ನೆ ಥರ ಇತ್ತು. ಎಡಭಾಗದ ಅಂಚನ್ನು ಮಾತ್ರ ಎಳೆದು, ಅದರ ನಕಲು ತೆಗೆದು, ಎಚ್ ಕೀಲಿ ಒತ್ತಿ ಮಗ್ಗುಲು ಬದಲಿಸಿ, ಎರಡನ್ನೂ ಜೋಡಿಸಿದ್ದೆ. ಬಿಂದು ಕಡಿಮೆ ಇಟ್ಟಷ್ಟೂ ಗೆರೆ ನುಣುಪು, ಒಂದು ಮಗ್ಗುಲಿಗೆ ಏಳು ಸಾಕಾಯಿತು. ಆದರೂ ಏನೋ ತಪ್ಪು. ಮಗಳು ಬಂದು ನೋಡಿ, "ಬಾಯಿ ಅಂಡಾಕಾರ ಮಾಡಿದ್ದೀಯ, ತಳ ಯಾಕೆ ಸ್ಕೇಲ್ ಇಟ್ಟ ಹಾಗೆ ನೇರವಾಗಿದೆ?" ಅಂದಳು. ಹೌದಲ್ಲ! ಮೇಲಿನಿಂದ ಸ್ವಲ್ಪ ಓರೆಯಾಗಿ ನೋಡಿದರೆ ದುಂಡಗಿನ ಬಾಯಿ ಅಂಡಾಕಾರ ಕಾಣುತ್ತೆ, ತಳವೂ ಹಾಗೇ ಬಾಗಬೇಕು. ಅಷ್ಟೇ ಅಲ್ಲ, ತಳ ನಮ್ಮ ಕಣ್ಣಿನಿಂದ ಇನ್ನೂ ಕೆಳಗಿರುವುದರಿಂದ ಬಾಯಿಗಿಂತ ತಳದ ಬಾಗು ಹೆಚ್ಚು. ಒಂದು ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನಿಧಾನವಾಗಿ ಕೆಳಗಿಳಿಸಿ ನೋಡಿ, ಗೊತ್ತಾಗುತ್ತೆ. ಐವತ್ತು ವರ್ಷದಿಂದ ಲೋಟದಲ್ಲಿ ಕಾಫಿ ಕುಡಿದವನಿಗೆ ಇದು ಕಂಡಿರಲಿಲ್ಲ!

ಎರಡನೇ ಭಾನುವಾರ ಬೆಳಕು. ದುಂಡಗೆ ಕಾಣಿಸೋದು ಗೆರೆಯಲ್ಲ, ಬೆಳಕು. ಗ್ರೇಡಿಯೆಂಟ್ ಅಂತ ಒಂದು ಸಾಧನವಿದೆ, ಒಂದು ಬಣ್ಣ ಕರಗಿ ಇನ್ನೊಂದಾಗೋದು. ಹಿತ್ತಾಳೆ ಅಂದರೆ ಹಳದಿ ತಾನೆ ಅಂತ ಹಳದಿಯಿಂದ ಕಂದುವಿಗೆ ಕರಗಿಸಿದೆ. ಮಾವಿನಹಣ್ಣಾಯಿತು! ಲೋಹ ಬೇರೆ. ಅದರಲ್ಲಿ ಬಣ್ಣ ಮೆಲ್ಲಗೆ ಕರಗಲ್ಲ, ಹಠಾತ್ತನೆ ತಿರುಗುತ್ತೆ. ಬಿಳಿಗೆ ಸಮೀಪದ ಒಂದು ಪಟ್ಟಿ, ಅದರ ಪಕ್ಕದಲ್ಲೇ ಹೆಚ್ಚುಕಡಿಮೆ ಕಪ್ಪು. ಕೊನೆಗೆ ಎಡಗಡೆಯಿಂದ ಹೀಗೆ ಇಟ್ಟೆ: ಕಂದು, ಹೊನ್ನಿನ ಬಣ್ಣ, ಮೂರನೇ ಒಂದು ಭಾಗಕ್ಕೆ ಬಂದಾಗ ಹೊಳಪಿನ ಪಟ್ಟಿ, ಮತ್ತೆ ಹೊನ್ನು, ಕಡುಕಂದು. ಆಮೇಲೆ ಬಲತುದಿಯಲ್ಲಿ ಮತ್ತೆ ತೆಳುವಾಗಿ ಸ್ವಲ್ಪ ಬೆಳಕು. ಈ ಕೊನೆಯದೇ ಗುಟ್ಟು. ನೆಲಕ್ಕೆ, ಗೋಡೆಗೆ ಬಿದ್ದ ಬೆಳಕು ತಿರುಗಿ ಬಂದು ಕತ್ತಲ ಮಗ್ಗುಲಿನ ಅಂಚಿಗೆ ತಾಗುತ್ತಲ್ಲ, ಅದನ್ನು ಬಿಟ್ಟರೆ ಕೊಡ ಅರ್ಧಕ್ಕೆ ಕೊಯ್ದ ಹಾಗೆ ಕಾಣುತ್ತೆ, ಇಟ್ಟರೆ ತಿರುಗಿ ನಿಲ್ಲುತ್ತೆ. ಕೊನೆಗೆ ತಳದ ಕೆಳಗೆ ನೆರಳು. ಒಂದು ಕಪ್ಪು ಅಂಡಾಕಾರ, ಅದನ್ನು ಬ್ಲರ್ ಮಾಡಿ ಮಸುಕಾಗಿಸಿದರೆ ಆಯಿತು. ಅದಿಲ್ಲದೆ ಕೊಡ ಗಾಳಿಯಲ್ಲಿ ತೇಲುತ್ತಿತ್ತು.

ಈ ಬೆಳಕಿನ ಪಾಠ ನನಗೆ ಆದದ್ದು ಬೆಸೆಂಟ್ ನಗರದ ಎಲಿಯಟ್ಸ್ ಬೀಚಿನಲ್ಲಿ. ನಾನು ಅಲ್ಲಿಗೆ ವಾಕಿಂಗ್ ಹೋಗೋದು. ಅಲ್ಲಿ ಮರಳಿನ ಮೇಲೆ ಒಂಟಿಯಾಗಿ ಬಿಳಿ ಕಮಾನೊಂದು ನಿಂತಿದೆ, 1930ರ ಡಿಸೆಂಬರಿನಲ್ಲಿ ಸಮುದ್ರದಲ್ಲಿ ಮುಳುಗಿ ತೀರಿಕೊಂಡ ಕಾರ್ಲ್ ಸ್ಮಿಟ್ ಎಂಬ ಡೆನ್ಮಾರ್ಕಿನವನ ಸ್ಮಾರಕ. ಬಣ್ಣವೇ ಇಲ್ಲದ ವಸ್ತು, ಹಾಗಾಗಿ ಕಾಣೋದೆಲ್ಲ ಬರೀ ಬೆಳಕು, ನೆರಳು. ಬೆಳಿಗ್ಗೆ ಸೂರ್ಯ ಸಮುದ್ರದ ಕಡೆಯಿಂದ ಬರುತ್ತಾನೆ, ಆ ಮಗ್ಗುಲು ಬೆಳ್ಳಗೆ, ಊರ ಕಡೆಯದು ಬೂದು. ಸಂಜೆ ಪೂರ್ತಿ ಉಲ್ಟಾ. ಅದೇ ಕಮಾನು, ಆದರೆ ಬೆಳಕು ಎಲ್ಲಿಂದ ಅನ್ನೋದು ಬದಲಾದರೆ ಪ್ರತಿಯೊಂದು ಅಂಚೂ ಬದಲಾಗುತ್ತೆ. ಚಿತ್ರದಲ್ಲೂ ಅಷ್ಟೆ. ಬೆಳಕು ಎಡಗಡೆ ಮೇಲಿನಿಂದ ಅಂತ ಒಮ್ಮೆ ಬರೆದುಕೊಂಡ ಮೇಲೆ ಕತ್ತು, ಹೊಟ್ಟೆ, ತಳ, ನೆರಳು ಎಲ್ಲವೂ ಅದಕ್ಕೆ ಬದ್ಧ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಡಬಲ್ ಎಂಟ್ರಿ: ಒಂದು ಕಡೆ ಹೊಳಪು ಬರೆದರೆ ಇನ್ನೊಂದು ಕಡೆ ಅಷ್ಟೇ ನೆರಳು ಬರೆಯಲೇಬೇಕು. ಇಲ್ಲದಿದ್ದರೆ ತಾಳೆ ಆಗಲ್ಲ.

ಮೂರನೇ ಭಾನುವಾರ ಮಧ್ಯಾಹ್ನಕ್ಕೆ ತಾಳೆ ಆಯಿತು. ನನಗೇ ಒಂದು ಕ್ಷಣ ಗಂಟಲು ಕಟ್ಟಿತು. ಹದಿನೆಂಟು ವರ್ಷ ಅದರ ನೀರು ಕುಡಿದವನು ನಾನು. ಲ್ಯಾಪ್‌ಟಾಪನ್ನು ಅಮ್ಮನ ಮುಂದಿಟ್ಟೆ.

"ಚೆನ್ನಾಗಿದೆ. ಯಾರ ಮನೇದು?"

"ಯಾರದೇನಮ್ಮ, ನಮ್ಮದೇ. ತಿಪಟೂರಿಗೆ ಹೋಯ್ತಲ್ಲ, ಅದು."

ಅಮ್ಮ ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು. "ನಮ್ಮದಲ್ಲ ಬಿಡು. ನಮ್ಮದಕ್ಕೆ ಇಲ್ಲಿ ನೆಗ್ಗಿತ್ತು."

ಕೊಡದ ಹೊಟ್ಟೆಯ ಬಲಭಾಗಕ್ಕೆ ಬೆರಳಿಟ್ಟು ತೋರಿಸಿದರು. ನಾನು ಇಲ್ಲವೇ ಇಲ್ಲ ಅಂದೆ. ಎಷ್ಟು ಸಲ ಹೊತ್ತಿದ್ದೀನಿ, ಎಷ್ಟು ಸಲ ತೊಳೆದಿದ್ದೀನಿ, ನೆಗ್ಗಿದ್ದರೆ ನೆನಪಿರುತ್ತಿರಲಿಲ್ಲವೇ?

"ನಿನಗೆಲ್ಲಿ ಗೊತ್ತು? ನೀನು ಆವಾಗ ತುಮಕೂರಲ್ಲಿ ಚಿಕ್ಕಪ್ಪನ ಮನೇಲಿದ್ದೆ."

ಆಮೇಲೆ ಅಮ್ಮ ಹೇಳಿದ್ದು ಇಷ್ಟು. ನನ್ನ ಫೀಸಿಗೆ ಅಂತ ಅಪ್ಪ ಪೇಟೆಯ ಒಂದು ಬ್ಯಾಂಕಿಗೆ ಮೂರು ಸಲ ಹೋಗಿ ಬಂದಿದ್ದರಂತೆ. ಯಾವ ಬ್ಯಾಂಕು ಅನ್ನೋದು ಇಲ್ಲಿ ಬೇಡ. ಮೂರನೇ ಸಲ, ಜಾಮೀನು ಹಾಕೋರು ಯಾರಾದರೂ ಇದ್ದರೆ ಬನ್ನಿ, ಇಲ್ಲದಿದ್ದರೆ ಸುಮ್ಮನೆ ಓಡಾಡಬೇಡಿ ಅಂದರಂತೆ. ಅಪ್ಪ ಸಂಜೆ ಮನೆಗೆ ಬಂದಾಗ ಅಮ್ಮ ಆಗಷ್ಟೇ ನೀರು ತಂದು ಕೊಡ ಜಗಲಿ ಮೇಲೆ ಇಳಿಸಿದ್ದರು. "ಒಂದು ಮಾತು ಅಂದುಬಿಟ್ಟೆ. ನಮ್ಮಂಥೋರಿಗೆ ಅಲ್ಲಿ ಯಾರು ಕೊಡ್ತಾರೆ, ಮೊದಲೇ ಹೇಳಿರ್ಲಿಲ್ವಾ ಅಂತ. ಒದ್ದುಬಿಟ್ಟರು." ಕೊಡ ಜಗಲಿಯಿಂದ ಉರುಳಿ ಬಟ್ಟೆ ಒಗೆಯೋ ಕಲ್ಲಿಗೆ ಬಡಿಯಿತು. ನೀರೆಲ್ಲ ಅಂಗಳಕ್ಕೆ. ಆ ರಾತ್ರಿ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಬೆಳಗಾಗುವ ಮೊದಲೇ ಎದ್ದು ಅಪ್ಪ ಹುಣಸೆಹಣ್ಣು ಹಾಕಿ ಕೊಡವನ್ನು ಫಳಫಳ ತಿಕ್ಕಿ, ಗೋಣಿಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೆ ಹೊರಟರಂತೆ.

"ನಿಮ್ಮಪ್ಪ ಪಾತ್ರೆ ತಿಕ್ಕಿದ್ದು ನಾನು ನೋಡಿದ್ದು ಅದೊಂದೇ ಸಲ" ಅಂದರು ಅಮ್ಮ.

ಅಂದರೆ ಆ ನೆಗ್ಗು ಕೊಡಕ್ಕೆ ಇದ್ದದ್ದು ಒಂದೇ ಒಂದು ರಾತ್ರಿ. ನಾನು ಅದನ್ನು ನೋಡಿಯೇ ಇರಲಿಲ್ಲ. ಅಮ್ಮ ಕೊನೆಯದಾಗಿ ನೋಡಿದ್ದು ಅದನ್ನೇ.

ಅಪ್ಪ ದನಿ ಎತ್ತಿ ಮಾತಾಡಿದ್ದು ನನಗೆ ನೆನಪಿಲ್ಲ. ನನಗೆ ಬ್ಯಾಂಕ್ ಕೆಲಸದ ಆರ್ಡರ್ ಬಂದಾಗ ಹೇಳಿದ್ದು ಒಂದೇ ಮಾತು: "ಬಂದೋರನ್ನ ಮೂರು ಮೂರು ಸಲ ಓಡಾಡಿಸಬೇಡ." ಎಲ್ಲ ಅಪ್ಪಂದಿರೂ ಹೇಳುವ ಬುದ್ಧಿಮಾತು ಅಂತ ನಾನು ತಲೆಯಾಡಿಸಿದ್ದೆ. ಓಡಾಡಿಸಿಲ್ಲವೇ? ಓಡಾಡಿಸಿದ್ದೇನೆ. ಜಾಮೀನುದಾರರನ್ನು ಕರೆದುಕೊಂಡು ಬನ್ನಿ ಅಂತ ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. 2001ರಲ್ಲಿ ಮಾದರಿ ಶಿಕ್ಷಣ ಸಾಲ ಯೋಜನೆ ಬಂದು ನಾಲ್ಕು ಲಕ್ಷದವರೆಗೆ ಆಧಾರ, ಜಾಮೀನು ಬೇಡ ಅಂತಾಯಿತು. ಅದಕ್ಕೂ ಮೊದಲು ನನ್ನ ಮೇಜಿನ ಮುಂದೆ ನಿಂತು ವಾಪಸು ಹೋದವರು ಸಂಜೆ ಮನೆಗೆ ಹೋಗಿ ಏನನ್ನು ಒದ್ದರೋ! ನಾನು ಹೇಳಿದ್ದು ನಿಯಮದ ಪ್ರಕಾರವೇ ಇತ್ತು. ಅವತ್ತು ಅಪ್ಪನ ಎದುರು ಕೂತಿದ್ದವರದ್ದೂ ನಿಯಮದ ಪ್ರಕಾರವೇ ಇದ್ದಿರಬೇಕು.

"ನೆಗ್ಗು ಹಾಕಲಾ ಅಮ್ಮ?" ಅಂತ ಕೇಳಿದೆ. ಬೇಡ ಅನ್ನಬಹುದು ಅಂದುಕೊಂಡಿದ್ದೆ.

"ಹಾಕು. ಇಲ್ಲದಿದ್ರೆ ಅದು ಅಂಗಡಿ ಕೊಡ."

ನಾಲ್ಕನೇ ಭಾನುವಾರ ಬರೀ ನೆಗ್ಗಿಗೆ ಹೋಯಿತು. ಮಗಳು ಹೇಳಿದ್ದಳು, ಅವಳ ತಂತ್ರಾಂಶದಲ್ಲಿ 2003ರ ಆವೃತ್ತಿಯಿಂದಲೇ ಅರ್ಧ ಅಂಚು ಎಳೆದು ಒಂದು ಗುಂಡಿ ಒತ್ತಿದರೆ ತಾನೇ ಸುತ್ತಿ ಕೊಡ ಮಾಡಿಕೊಡುತ್ತೆ ಅಂತ. ಮಾಡಿಯೂ ತೋರಿಸಿದಳು, ಒಂದು ನಿಮಿಷ ಹಿಡಿಯಲಿಲ್ಲ. ಆದರೆ ಹಾಗೆ ಸುತ್ತಿದ ಕೊಡ ಎಲ್ಲ ಕಡೆಯೂ ಒಂದೇ ಸಮ. ಒಂದೇ ಕಡೆ ನೆಗ್ಗಬೇಕಾದರೆ ಕೈಯಲ್ಲೇ ಬರೆಯಬೇಕು.

ಉಬ್ಬಿಗೂ ತಗ್ಗಿಗೂ ಚಿತ್ರದಲ್ಲಿ ಇರುವ ವ್ಯತ್ಯಾಸ ಕೇಳಿದರೆ ಆಶ್ಚರ್ಯಪಡುತ್ತೀರಿ. ಬಣ್ಣ ಅವೇ, ಆಕಾರ ಅದೇ, ಜಾಗ ಮಾತ್ರ ಅದಲುಬದಲು. ಬೆಳಕು ಎಡಗಡೆ ಮೇಲಿನಿಂದ ಬೀಳುತ್ತಿದ್ದರೆ ಉಬ್ಬಿದ ಜಾಗಕ್ಕೆ ಎಡಮೇಲೆ ಹೊಳಪು, ಬಲಕೆಳಗೆ ಕತ್ತಲು. ನೆಗ್ಗಿಗೆ ಎಡಮೇಲೆ ಕತ್ತಲು, ಬಲಕೆಳಗೆ ಹೊಳಪು. ಬೆಳಕು ಮೇಲಿನಿಂದಲೇ ಬರುತ್ತೆ ಅಂತ ನಮ್ಮ ಕಣ್ಣು ಮೊದಲೇ ತೀರ್ಮಾನ ಮಾಡಿಕೊಂಡಿರುತ್ತೆ. ಅದಕ್ಕೇ ಚಂದ್ರನ ಮೇಲಿನ ಕುಳಿಗಳ ಫೋಟೋ ತಲೆಕೆಳಗಾಗಿ ಹಿಡಿದರೆ ಕುಳಿಗಳೆಲ್ಲ ಗುಡ್ಡಗಳಾಗಿ ಕಾಣುತ್ತವೆ. ನಾನು ಮೊದಲು ಉಲ್ಟಾ ಹಾಕಿ, ಕೊಡಕ್ಕೆ ಬೋರೆ ಎದ್ದ ಹಾಗಾಗಿತ್ತು. ಸರಿಮಾಡಿದೆ. ಒಂದು ಕಡುಕಂದು ಆಕಾರ, ಒಂದು ತಿಳಿಹೊನ್ನಿನ ಆಕಾರ, ಎರಡನ್ನೂ ಬ್ಲರ್ ಮಾಡಿ ಕೊಡದ ಅಂಚಿನಾಚೆ ಚೆಲ್ಲದ ಹಾಗೆ ಕ್ಲಿಪ್ ಮಾಡಿದೆ. ಆದರೂ ಅದು ಬಡಿದ ನೆಗ್ಗಿನ ಹಾಗಿರಲಿಲ್ಲ, ಒತ್ತಿದ ಮೆತ್ತೆಯ ಹಾಗಿತ್ತು. ಕಲ್ಲಿಗೆ ಬಡಿದ ಕಡೆ ಒಂದು ಗಡುಸಾದ ಮಡಿಕೆ ಇರಬೇಕಲ್ಲ? ಬ್ಲರ್ ಇಲ್ಲದ ಒಂದು ಸಣ್ಣ ಗೆರೆ ಎಳೆದೆ, ಒಂದು ಮಗ್ಗುಲಿಗೆ ಬಿಳಿ, ಇನ್ನೊಂದು ಮಗ್ಗುಲಿಗೆ ಕಪ್ಪು. ಆಗ ಸದ್ದು ಕೇಳಿಸಿತು ಅಂದರೆ ನೀವು ನಗಬೇಡಿ.

ಸಂಜೆ ಅಮ್ಮನಿಗೆ ತೋರಿಸಿದೆ. ಏನೂ ಮಾತಾಡಲಿಲ್ಲ. ಹತ್ತಿರ ಬಂದು ಕೂತು, ತೋರುಬೆರಳಿನಿಂದ ಆ ನೆಗ್ಗನ್ನು ಸವರಿದರು. ಮತ್ತೆ ಸವರಿದರು.

"ನುಣ್ಣಗಿದೆಯಲ್ಲೋ!"

ಇಬ್ಬರೂ ನಕ್ಕೆವು. ಪರದೆಯ ಮೇಲೆ ಬೆರಳ ಗುರುತು ಬಿತ್ತಲ್ಲ ಅಂತ ಅಮ್ಮ ಸೆರಗಿನಿಂದ ಒರೆಸಿದರು, ತಿಕ್ಕಿದ ಹಾಗೆ.

ಕಡತ ಎಷ್ಟು ದೊಡ್ಡದು ಗೊತ್ತಾ? ಮೊಬೈಲಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರಕ್ಕಿಂತ ಚಿಕ್ಕದು. ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಹಾಲಿನಲ್ಲಿ ತೂಗುಹಾಕೋಣ ಅಂತ ಮಗಳು. ಬೇಡ, ಇದ್ದಲ್ಲೇ ಇರಲಿ ಅಂತ ಅಮ್ಮ. ಸದ್ಯಕ್ಕೆ ಅಮ್ಮನ ಮಾತೇ ನಡೆದಿದೆ. ಆಫೀಸಿನಲ್ಲಿ ಮಾತ್ರ ನನ್ನ ಕಂಪ್ಯೂಟರಿನ ಪಕ್ಕ ಅದರ ಒಂದು ಸಣ್ಣ ಪ್ರಿಂಟ್ ಅಂಟಿಸಿಕೊಂಡಿದ್ದೇನೆ. ಸಾಲ ಕೇಳಲು ಬಂದವರು ಯಾರಾದರೂ "ಏನ್ ಸಾರ್, ಕೊಡ ನಸುಂಗಿಹೋಗಿದೆ?" ಅಂತ ತಮಿಳಿನಲ್ಲಿ ಕೇಳಿದರೆ, ಬೇಕಾದ ಕಾಗದಗಳ ಪಟ್ಟಿಯನ್ನು ಒಂದೇ ಸಲಕ್ಕೆ ಪೂರ್ತಿ ಬರೆದು ಕೈಗೆ ಕೊಡುತ್ತೇನೆ.

ನಿಮ್ಮ ಮನೆಯಿಂದಲೂ ಹೀಗೆ ಹೋದ ಕೊಡವೋ ಹಂಡೆಯೋ ಇದ್ದರೆ ಬರೆದು ನೋಡಿ, ತಂತ್ರಾಂಶ ಉಚಿತವಾಗಿಯೇ ಸಿಗುತ್ತೆ. ಒಂದೇ ಕಿವಿಮಾತು: ಬೆಳಕು ಎಲ್ಲಿಂದ ಅಂತ ತೀರ್ಮಾನ ಮಾಡುವ ಮೊದಲು, ನೆಗ್ಗು ಎಲ್ಲಿತ್ತು ಅಂತ ಮನೆಯಲ್ಲಿ ದೊಡ್ಡವರನ್ನು ಕೇಳಿಕೊಂಡುಬಿಡಿ. ನಾನು ಕೇಳದೇ ಮೂರು ಭಾನುವಾರ ಕಳೆದೆ.